ಇಂದು ಜಾರುವ ಹಿಮ ಎಂದೋ ಬಿದ್ದದ್ದು

ಮಲೆನಾಡಿನಲ್ಲಿ ಹುಟ್ಟಿ ಬೆಳೆದವರಿಗೆ ಹಿಮದ ಪರಿಚಯವಿಲ್ಲ. ಇಳಿಜಾರಿನ ಪರಿಚಯ ಮಾತ್ರ ಚೆನ್ನಾಗಿಯೇ ಇದೆ. ಶೆಟ್ಟಿಕೊಪ್ಪ, ಕೊಪ್ಪ, ಶೃಂಗೇರಿಯ ಕಡೆ ಮಳೆಗಾಲ ಬಂತೆಂದರೆ ಎಲ್ಲಾದರೂ ಒಂದು ಕಡೆ ಧರೆ ಜರಿಯುತ್ತದೆ. ಕೆಲವೊಮ್ಮೆ ರಸ್ತೆಗೆ, ಕೆಲವೊಮ್ಮೆ ತೋಟಕ್ಕೆ, ಕೆಲವೊಮ್ಮೆ ಮನೆಯ ಹಿಂಗೋಡೆಗೆ. ಮರುದಿನ ನೋಡಲು ಬಂದವರು ಹೆಚ್ಚಾಗಿ ಕೇಳುವುದು ಒಂದೇ ಪ್ರಶ್ನೆ. ಮೊನ್ನೆ ಇದಕ್ಕಿಂತ ಜೋರು ಮಳೆ ಬಂದಿತ್ತು, ಆಗ ಏನೂ ಆಗಲಿಲ್ಲ. ನಿನ್ನೆ ಅಷ್ಟೇನೂ ಇರಲಿಲ್ಲವಲ್ಲ, ಮತ್ತೆ ಯಾಕೆ ಜರಿಯಿತು?

ಹಿಮಾಲಯದ ಕಣಿವೆಗಳಲ್ಲೂ ಜನ ಇಂಥದೇ ಪ್ರಶ್ನೆ ಕೇಳುತ್ತಾರೆ. ಹಿಮ ಬೀಳುವುದು ನಿಂತು, ಆಕಾಶ ತಿಳಿಯಾಗಿ, ಬಿಸಿಲು ಬಂದ ದಿನವೇ ಬೆಟ್ಟದ ಮೈಮೇಲಿನ ಹಿಮ ಕಳಚಿಕೊಂಡು ಬರುವುದುಂಟು. ಎರಡು ಪ್ರಶ್ನೆಗಳಿಗೂ ಉತ್ತರ ಹೆಚ್ಚುಕಡಿಮೆ ಒಂದೇ ಜಾಗದಲ್ಲಿದೆ. ಅದನ್ನು ಹಿಮದಿಂದ ಶುರು ಮಾಡಿ ತಿಳಿದುಕೊಳ್ಳುವುದು ಸುಲಭ. ಮಣ್ಣಿನೊಳಗೆ ಏನಾಗುತ್ತಿದೆ ಎಂದು ಕಣ್ಣಿಗೆ ಕಾಣುವುದಿಲ್ಲ. ಹಿಮವನ್ನು ಕಡಿದು ನೋಡಿದರೆ ಇಡೀ ಚಳಿಗಾಲದ ಹವಾಮಾನ ಪದರ ಪದರವಾಗಿ ಕಾಣುತ್ತದೆ.

ಕರ್ನಾಟಕಕ್ಕೆ ಹಿಮಕುಸಿತದ ನೋವು ಹೊಸದೇನಲ್ಲ. 2016ರ ಫೆಬ್ರುವರಿ 3ರಂದು ಸಿಯಾಚಿನ್ ಹಿಮನದಿಯ ಸುಮಾರು 19,600 ಅಡಿ ಎತ್ತರದ ಸೇನಾ ನೆಲೆಯ ಮೇಲೆ ಭಾರಿ ಹಿಮ ಬಿದ್ದು ಮದ್ರಾಸ್ ರೆಜಿಮೆಂಟಿನ ತುಕಡಿಯ ಹತ್ತು ಮಂದಿ ಹೂತುಹೋದರು. ಆರನೆಯ ದಿನ ಹಿಮದಡಿಯಿಂದ ಜೀವಂತವಾಗಿ ಹೊರಬಂದವರು ಧಾರವಾಡ ಜಿಲ್ಲೆ ಕುಂದಗೋಳ ತಾಲ್ಲೂಕು ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ. ನಾಡಿಗೆ ನಾಡೇ ಅವರಿಗಾಗಿ ಹರಕೆ ಹೊತ್ತಿತು. ಫೆಬ್ರುವರಿ 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಅವರು ತೀರಿಕೊಂಡರು. 2022ರ ಅಕ್ಟೋಬರ್ 4ರಂದು ಉತ್ತರಾಖಂಡದ ದ್ರೌಪದಿ ಕಾ ದಂಡಾ ಶಿಖರದಲ್ಲಿ ನೆಹರೂ ಪರ್ವತಾರೋಹಣ ಸಂಸ್ಥೆಯ ತರಬೇತಿ ತಂಡ ಹಿಮಕುಸಿತಕ್ಕೆ ಸಿಕ್ಕಿತು. ಅಂದು 25ಕ್ಕೂ ಹೆಚ್ಚು ಮಂದಿ ಸತ್ತರು, ಅವರಲ್ಲಿ ಬೆಂಗಳೂರಿನ ತರುಣರೂ ಇದ್ದರು. ಇವೆರಡೂ ಒಂದೇ ಬಗೆಯ ಘಟನೆಗಳಲ್ಲ. ಸಿಯಾಚಿನ್‌ನಲ್ಲಿ ನೆಲೆಯ ಮೇಲೆ ಕಳಚಿ ಬಿದ್ದದ್ದು ದೈತ್ಯ ಮಂಜುಗಡ್ಡೆಯ ಗೋಡೆ ಎಂದು ಸೇನೆ ಹೇಳಿತ್ತು. ಬೆಟ್ಟದ ಮೈಮೇಲೆ ಕೂತ ಹಿಮವೇ ಚಪ್ಪಡಿಯಂತೆ ಬಿರುಕುಬಿಟ್ಟು ಜಾರುವುದು ಇನ್ನೊಂದು ಬಗೆ. ಲೋಕದಲ್ಲಿ ಹೆಚ್ಚು ಜೀವ ತೆಗೆಯುವುದು ಈ ಎರಡನೆಯದು. ಹವಾಮಾನದ ಕೈವಾಡ ಸ್ಪಷ್ಟವಾಗಿ ಕಾಣುವುದೂ ಅದರಲ್ಲೇ.

ನಮಗೆ ನೈಋತ್ಯ ಮುಂಗಾರು ಹೇಗೋ, ಪಶ್ಚಿಮ ಹಿಮಾಲಯಕ್ಕೆ ಚಳಿಗಾಲದ ಪಶ್ಚಿಮ ಮಾರುತಗಳು ಹಾಗೆ. ಮೆಡಿಟರೇನಿಯನ್ ಸಮುದ್ರದ ಕಡೆ ಹುಟ್ಟುವ ವಾಯುಭಾರ ಕುಸಿತಗಳು ಇರಾನ್, ಅಫ್ಘಾನಿಸ್ತಾನಗಳನ್ನು ದಾಟಿ ಬಂದು ಕಾಶ್ಮೀರ, ಹಿಮಾಚಲ, ಉತ್ತರಾಖಂಡದ ಬೆಟ್ಟಗಳಿಗೆ ತಾಗುತ್ತವೆ. ಹವಾಮಾನ ಇಲಾಖೆ ಇವುಗಳನ್ನು ವೆಸ್ಟರ್ನ್ ಡಿಸ್ಟರ್ಬೆನ್ಸ್ ಎಂದು ಕರೆಯುತ್ತದೆ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಇವು ಒಂದರ ಹಿಂದೆ ಒಂದರಂತೆ ಬರುತ್ತವೆ, ಆದರೆ ಎಡೆಬಿಡದೆ ಬರುವುದಿಲ್ಲ. ಎರಡು ಮೂರು ದಿನ ಹಿಮ ಸುರಿಸಿ ಹೋದ ಮೇಲೆ ಒಂದು ವಾರವೋ ಎರಡು ವಾರವೋ ಆಕಾಶ ತೆರವಾಗಿರುತ್ತದೆ. ನಡುವಿನ ಈ ಬಿಡುವಿನಲ್ಲಿ ಏನಾಗುತ್ತದೆ ಎಂಬುದರ ಮೇಲೆ ಮುಂದಿನ ಕುಸಿತ ನಿಂತಿದೆ. ಸುದ್ದಿಯಲ್ಲಿ ಬರುವುದು ಹಿಮ ಬಿದ್ದ ದಿನಗಳು ಮಾತ್ರ, ಬಿಡುವಿನ ದಿನಗಳನ್ನು ಯಾರೂ ಬರೆಯುವುದಿಲ್ಲ. ಆದ್ದರಿಂದ ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ.

ಮಾಗಿಯ ರಾತ್ರಿ ಮೋಡವಿಲ್ಲದೆ ಗಾಳಿಯೂ ಇಲ್ಲದಿದ್ದರೆ ನಮ್ಮಲ್ಲಿ ಇಬ್ಬನಿ ಹೆಚ್ಚು. ನೆಲ ತನ್ನ ಬಿಸಿಯನ್ನು ಆಕಾಶಕ್ಕೆ ಬಿಟ್ಟುಕೊಟ್ಟು ತಣ್ಣಗಾಗುತ್ತದೆ, ಗಾಳಿಯಲ್ಲಿದ್ದ ತೇವ ಎಲೆಯ ಮೇಲೆ ಹನಿಯಾಗುತ್ತದೆ. ಹಿಮದ ಮೇಲೂ ಇದೇ ನಡೆಯುತ್ತದೆ. ಆದರೆ ಅಲ್ಲಿನ ಚಳಿಗೆ ತೇವ ಹನಿಯಾಗದೆ ನೇರವಾಗಿ ಹರಳಾಗಿಬಿಡುತ್ತದೆ. ಗರಿಯಂತೆ ತೆಳ್ಳಗೆ ಎದ್ದುನಿಂತ ಈ ಹರಳುಗಳು ಬೆಳಗಿನ ಬಿಸಿಲಿಗೆ ಮಿನುಗುತ್ತವೆ. ಅವುಗಳ ಮೇಲೆ ಮುಂದಿನ ಹಿಮ ಬಿದ್ದು ಮುಚ್ಚಿಕೊಂಡಿತೋ, ಒಳಗೆ ಒಂದು ದುರ್ಬಲ ಪದರ ಉಳಿದುಹೋಯಿತು ಎಂದೇ ಅರ್ಥ. ಎಷ್ಟೋ ವಾರ ಅದು ಹಾಗೆಯೇ ಇರಬಹುದು.

ಇನ್ನೊಂದು ದುರ್ಬಲ ಪದರ ತಳದಲ್ಲಿ ಹುಟ್ಟುತ್ತದೆ. ಹಿಮ ಹೊದ್ದ ನೆಲದ ಉಷ್ಣತೆ ಸಾಮಾನ್ಯವಾಗಿ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ, ಏಕೆಂದರೆ ಹಿಮ ಒಳ್ಳೆಯ ಹೊದಿಕೆ. ಮೇಲ್ಮೈ ಮಾತ್ರ ರಾತ್ರಿ ಮೈನಸ್ 20 ಡಿಗ್ರಿಗೆ ಇಳಿಯಬಹುದು. ಹಿಮ ಎರಡು ಮೀಟರ್ ದಪ್ಪವಿದ್ದರೆ ಈ 20 ಡಿಗ್ರಿಯ ಅಂತರ ಅಷ್ಟು ದಪ್ಪಕ್ಕೆ ಹಂಚಿಹೋಗುತ್ತದೆ, ಮೀಟರಿಗೆ 10 ಡಿಗ್ರಿಯಂತೆ. ದಪ್ಪ ಅರ್ಧ ಮೀಟರ್ ಮಾತ್ರ ಇದ್ದರೆ ಅದು ಮೀಟರಿಗೆ 40 ಡಿಗ್ರಿಯ ಲೆಕ್ಕವಾಗುತ್ತದೆ. ಮೀಟರಿಗೆ ಸುಮಾರು 10 ಡಿಗ್ರಿ ಮೀರಿದರೆ ಕೆಳಗಿನ ಬೆಚ್ಚಗಿನ ಹಿಮದಿಂದ ತೇವ ಆವಿಯಾಗಿ ಮೇಲಕ್ಕೆ ಹರಿದು ಅಲ್ಲಲ್ಲಿ ಮತ್ತೆ ಹರಳುಗಟ್ಟುತ್ತದೆ. ಒಂದಕ್ಕೊಂದು ಹೆಣೆದುಕೊಂಡಿದ್ದ ಹಿಮದ ಕಣಗಳು ನಿಧಾನವಾಗಿ ದೊಡ್ಡ, ಮೂಲೆಮೂಲೆಯ, ಅಂಟಿಕೊಳ್ಳದ ಹರಳುಗಳಾಗುತ್ತವೆ. ಕೈಗೆ ತೆಗೆದುಕೊಂಡರೆ ಬೆರಳ ಸಂದಿಯಲ್ಲಿ ಸೋರಿಹೋಗುತ್ತವೆ. ಓರೆಯಾಗಿಟ್ಟ ಹಲಗೆಯ ಮೇಲೆ ದಪ್ಪ ಸಕ್ಕರೆ ಹರಡಿ ಅದರ ಮೇಲೆ ಇನ್ನೊಂದು ಹಲಗೆ ಇಟ್ಟರೆ ಹೇಗಿರುತ್ತದೋ ಹಾಗೆ, ಮೇಲೆ ಎಷ್ಟೇ ಗಟ್ಟಿ ಹಿಮವಿದ್ದರೂ ಅದು ಕೂತಿರುವುದು ಉರುಳುವ ಹರಳುಗಳ ಮೇಲೆ.

ಇಲ್ಲಿ ಗಮನಿಸಬೇಕಾದ ಒಂದು ಮಾತಿದೆ. ಚಳಿಗಾಲದ ಮೊದಲಲ್ಲಿ ಹಿಮ ಕಡಿಮೆ ಬಿದ್ದರೆ ಅಪಾಯವೂ ಕಡಿಮೆ ಎಂದು ಯಾರಿಗಾದರೂ ಅನ್ನಿಸುತ್ತದೆ. ಆಗುವುದು ಇದಕ್ಕೆ ತಿರುಗುಮುರುಗು. ತೆಳುವಾದ ಹಿಮ, ತಿಳಿಯಾದ ಆಕಾಶ, ಕೊರೆಯುವ ರಾತ್ರಿಗಳು ಸೇರಿದರೆ ಬಿದ್ದಷ್ಟು ಹಿಮವೂ ಟೊಳ್ಳಾಗುತ್ತದೆ. ಆಮೇಲೆ ತಡವಾಗಿ ಬಂದ ದೊಡ್ಡ ಹಿಮಪಾತ ಆ ಟೊಳ್ಳು ತಳದ ಮೇಲೆ ಕೂರುತ್ತದೆ.

ಹಿಮವನ್ನು ಅಭ್ಯಾಸ ಮಾಡುವವರು ಇದನ್ನು ಪರೀಕ್ಷಿಸುವ ಬಗೆ ತುಂಬ ಸರಳ. ಇಳಿಜಾರಿನಲ್ಲಿ ಆಳವಾದ ಗುಂಡಿ ತೆಗೆದು ಅದರ ಮೇಲ್ಬದಿಯ ಗೋಡೆಯನ್ನು ಸಲಿಕೆಯಿಂದ ನುಣ್ಣಗೆ ಕೆತ್ತುತ್ತಾರೆ. ಮೇಲಿನಿಂದ ಕೆಳಗೆ ಒಂದೊಂದೇ ಪದರಕ್ಕೆ ಕೈ ಒತ್ತುತ್ತಾರೆ. ಮುಷ್ಟಿಯೇ ಒಳಹೋದರೆ ಆ ಪದರ ಬಹಳ ಮೆದು. ಮುಷ್ಟಿ ಹೋಗದೆ ನಾಲ್ಕು ಬೆರಳು ಹೋದರೆ ಅದಕ್ಕಿಂತ ಗಟ್ಟಿ. ಆಮೇಲೆ ಒಂದು ಬೆರಳು, ಆಮೇಲೆ ಪೆನ್ಸಿಲ್, ಕೊನೆಗೆ ಚಾಕು. ಗಟ್ಟಿ ಪದರದ ಕೆಳಗೆ ಮುಷ್ಟಿ ಹೋಗುವಂಥ ಮೆದು ಪದರ ಸಿಕ್ಕರೆ ನೋಡುವವರ ಮುಖ ಬಿಗಿಯುತ್ತದೆ. ನಂತರ ಸಲಿಕೆಯ ಅಗಲದಷ್ಟು ಚೌಕಾಕಾರದ ಹಿಮದ ಕಂಬವೊಂದನ್ನು ಸುತ್ತಲಿನಿಂದ ಬಿಡಿಸಿ, ಸಲಿಕೆಯ ಅಲಗನ್ನು ಅದರ ತಲೆಯ ಮೇಲಿಟ್ಟು ತಟ್ಟುತ್ತಾರೆ. ಮೊದಲ ಹತ್ತು ಬಾರಿ ಮಣಿಕಟ್ಟಿನಿಂದ, ಮುಂದಿನ ಹತ್ತು ಮೊಣಕೈಯಿಂದ, ಕೊನೆಯ ಹತ್ತು ಭುಜದಿಂದ. ಮಣಿಕಟ್ಟಿನ ಮೂರನೆಯೋ ನಾಲ್ಕನೆಯೋ ತಟ್ಟಿಗೇ ಕಂಬದ ಮೇಲ್ಭಾಗ ನುಣುಪಾಗಿ ಜಾರಿ ಮಡಿಲಿಗೆ ಬಿತ್ತೆಂದರೆ ಆ ಇಳಿಜಾರಿನಲ್ಲಿ ಮುಂದೆ ಹೋಗುವ ಮಾತಿಲ್ಲ. ಒಬ್ಬ ಮನುಷ್ಯನ ತೂಕ ಸಾಕು, ಅದು ಹೊರಡಲು. ಚಾರಣಿಗರು ಮತ್ತು ಸ್ಕೀ ಆಡುವವರು ಸಿಕ್ಕಿಬಿದ್ದ ಕುಸಿತಗಳಲ್ಲಿ ಹೆಚ್ಚಿನವನ್ನು ಎಬ್ಬಿಸಿದ್ದು ಅವರದೇ ಅಥವಾ ಅವರ ತಂಡದವರದೇ ಹೆಜ್ಜೆ.

ದುರ್ಬಲ ಪದರ ಒಂದಿದ್ದರೆ ಸಾಲದು, ಅದರ ಮೇಲೆ ಭಾರ ಬೀಳಬೇಕು. ಬಿದ್ದ ಹಿಮ ಎಷ್ಟು ಎನ್ನುವುದಕ್ಕಿಂತ ಎಷ್ಟು ಬೇಗ ಬಿತ್ತು ಎನ್ನುವುದು ಇಲ್ಲಿ ಹೆಚ್ಚು ಮುಖ್ಯ. ಹೊಸ ಹಿಮದ ಕಣಗಳಿಗೆ ಒಂದಕ್ಕೊಂದು ಬೆಸೆದುಕೊಳ್ಳುವ ಗುಣವಿದೆ, ಆದರೆ ಅದಕ್ಕೆ ಸಮಯ ಬೇಕು. 60 ಸೆಂಟಿಮೀಟರ್ ಹಿಮ ಒಂದು ವಾರದಲ್ಲಿ ಬಿದ್ದರೆ ಕೆಳಗಿನ ಪದರ ಹೊರೆಗೆ ಒಗ್ಗಿಕೊಳ್ಳುತ್ತ ಹೋಗುತ್ತದೆ. ಅಷ್ಟೇ ಹಿಮ ಒಂದು ರಾತ್ರಿಯಲ್ಲಿ ಬಿದ್ದರೆ ಒಗ್ಗಿಕೊಳ್ಳಲು ಬಿಡುವಿಲ್ಲ. ಆದ್ದರಿಂದಲೇ ಹಿಮ ಸುರಿಯುತ್ತಿರುವಾಗ ಮತ್ತು ನಿಂತ ಒಂದೆರಡು ದಿನಗಳಲ್ಲಿ ಕುಸಿತಗಳು ಹೆಚ್ಚು. ಇದಕ್ಕೆ ಗಾಳಿ ಸೇರಿದರೆ ಲೆಕ್ಕವೇ ಬದಲಾಗುತ್ತದೆ. ಗಾಳಿ ಬೆಟ್ಟದ ಒಂದು ಮೈಯಿಂದ ಹಿಮವನ್ನು ಕೆರೆದು ಏಣಿನ ಆಚೆಯ ಮರೆಗೆ ತಂದು ಪೇರಿಸುತ್ತದೆ. ಆಕಾಶದಿಂದ ಒಂದಡಿ ಬಿದ್ದಿದ್ದರೂ ಆ ಮರೆಯ ಇಳಿಜಾರಿನಲ್ಲಿ ಹಲವು ಅಡಿ ಸೇರಿರಬಹುದು, ಅದೂ ಒತ್ತಾಗಿ, ಚಪ್ಪಡಿ ಕಟ್ಟಿಕೊಂಡು. ಒಂದು ಕಿಲೋಮೀಟರ್ ಅಂತರದಲ್ಲಿ ಒಂದು ಇಳಿಜಾರು ಸುರಕ್ಷಿತ, ಇನ್ನೊಂದು ಅಪಾಯಕಾರಿ ಎಂದು ಆಗುವುದು ಹೀಗೆ. ಇಳಿಜಾರು ಎಷ್ಟು ಕಡಿದು ಎಂಬುದೂ ಮುಖ್ಯ: ಸಾಮಾನ್ಯವಾಗಿ 30ರಿಂದ 45 ಡಿಗ್ರಿಯವರೆಗಿನದು ಚಪ್ಪಡಿ ಜಾರುವ ಜಾಗ. ಅದಕ್ಕಿಂತ ಕಡಿದಾದಲ್ಲಿ ಹಿಮ ನಿಲ್ಲದೆ ಆಗಾಗ ಉದುರಿಹೋಗುತ್ತದೆ.

ಆಸ್ಟ್ರಿಯಾದ ಗಾಲ್ಟೂರ್ ಎಂಬ ಹಳ್ಳಿಯಲ್ಲಿ 1999ರ ಫೆಬ್ರುವರಿ 23ರಂದು ಆದದ್ದು ಇದಕ್ಕೆ ತಕ್ಕ ನಿದರ್ಶನ. ಜನವರಿ ಕೊನೆಯಿಂದ ಒಂದರ ಮೇಲೊಂದು ಬಿರುಗಾಳಿ ಬಂದು ಕೆಲವೇ ವಾರಗಳಲ್ಲಿ ಸುಮಾರು ನಾಲ್ಕು ಮೀಟರ್ ಹಿಮ ಪೇರಿಸಿತ್ತು. ಸುರಕ್ಷಿತವೆಂದು ಗುರುತಿಸಿದ್ದ ಜಾಗದ ಮನೆಗಳನ್ನೂ ಕುಸಿತ ಮುಚ್ಚಿತು. 31 ಜನ ಸತ್ತರು. ಆ ದಿನದ ಹಿಮವೊಂದನ್ನೇ ಅಳೆದಿದ್ದರೆ ಇಷ್ಟು ದೊಡ್ಡದು ಬರುತ್ತದೆಂದು ಯಾರಿಗೂ ಹೊಳೆಯುತ್ತಿರಲಿಲ್ಲ.

ಇನ್ನು ಬಿಸಿ. ಹಿಮದ ಮೇಲೆ ಮಳೆ ಬಿದ್ದರೆ ಅಥವಾ ಫೆಬ್ರುವರಿ, ಮಾರ್ಚ್ ಬಿಸಿಲಿಗೆ ಹಿಮ ಕರಗತೊಡಗಿದರೆ ನೀರು ಒಳಗಿಳಿದು ಕಣಗಳ ನಡುವಿನ ಬೆಸುಗೆಯನ್ನು ಬಿಡಿಸುತ್ತದೆ. ಆಗ ಬರುವುದು ಒದ್ದೆ ಹಿಮದ ಕುಸಿತ. ವೇಗ ಕಡಿಮೆ, ತೂಕ ಬಹಳ ಹೆಚ್ಚು. ಹಿಮಾಚಲ ಪ್ರದೇಶದ ಇಳಿಜಾರುಗಳಲ್ಲಿ ನಿಂತ ಮರಗಳು ಇದಕ್ಕೆ ಸಾಕ್ಷಿ ಹೇಳಿವೆ. ಕುಸಿತ ಬಂದು ಬಡಿದಾಗ ಮರಕ್ಕೆ ಗಾಯವಾಗುತ್ತದೆ, ಆ ವರ್ಷದ ಬೆಳವಣಿಗೆಯ ಉಂಗುರದಲ್ಲಿ ಗಾಯದ ಗುರುತು ಉಳಿಯುತ್ತದೆ. ಅಂಥ ಉಂಗುರಗಳನ್ನು ಎಣಿಸಿ ಹಳೆಯ ಕುಸಿತಗಳ ಇತಿಹಾಸ ಕಟ್ಟಿದ ವಿಜ್ಞಾನಿಗಳು, ಚಳಿಗಾಲದ ಕೊನೆ ಬೆಚ್ಚಗಾಗುತ್ತಿರುವಂತೆ ಪಶ್ಚಿಮ ಹಿಮಾಲಯದಲ್ಲಿ ಕುಸಿತದ ಅಪಾಯ ಹೆಚ್ಚಿದೆ ಎಂದು 2018ರಲ್ಲಿ ಪ್ರಕಟಿಸಿದರು. ಬಿಸಿ ಏರಿದರೆ ಹಿಮ ಕಡಿಮೆಯಾಗಿ ಕುಸಿತವೂ ಕಡಿಮೆಯಾದೀತು ಎಂಬ ಊಹೆ ಎಲ್ಲ ಎತ್ತರಗಳಿಗೂ ಹೊಂದುವುದಿಲ್ಲ ಎಂದಾಯಿತು.

ಹಿಮಾಲಯದ ಉದ್ದಗಲಕ್ಕೂ ಹಿಮದ ಸ್ವಭಾವ ಒಂದೇ ಅಲ್ಲ. ಪೀರ್ ಪಂಜಾಲ್ ಸಾಲಿನಲ್ಲಿ ಹಿಮ ಧಾರಾಳ, ಚಳಿ ಅಷ್ಟು ತೀವ್ರವಲ್ಲ. ಅಲ್ಲಿ ಹೊಸ ಹಿಮದ ಭಾರವೇ ಮುಖ್ಯ ಕಾರಣ. ಒಳಗಿನ ಕಾರಕೋರಂ ಕಡೆ ಚಳಿ ಭಯಂಕರ, ಹಿಮ ಒಣ. ಅಲ್ಲಿ ತಳದ ಸಕ್ಕರೆ ಹರಳುಗಳ ಕಾಟ ಹೆಚ್ಚು. ಇವುಗಳನ್ನೆಲ್ಲ ಗಮನದಲ್ಲಿಟ್ಟು ಮುನ್ಸೂಚನೆ ಕೊಡುವ ಕೆಲಸವನ್ನು ರಕ್ಷಣಾ ಇಲಾಖೆಯ ಡಿಜಿಆರ್‌ಇ ಸಂಸ್ಥೆ ಮಾಡುತ್ತಿದೆ. 2025ರ ಫೆಬ್ರುವರಿ 28ರ ಬೆಳಗ್ಗೆ ಉತ್ತರಾಖಂಡದ ಮಾಣಾ ಹಳ್ಳಿಯ ಬಳಿ ಗಡಿ ರಸ್ತೆ ಸಂಸ್ಥೆಯ ಕೂಲಿಕಾರರ ಶಿಬಿರದ ಮೇಲೆ ಹಿಮ ಕುಸಿಯಿತು. 54 ಜನರಲ್ಲಿ 46 ಮಂದಿಯನ್ನು ಉಳಿಸಿಕೊಂಡರು, 8 ಮಂದಿ ತೀರಿಕೊಂಡರು. ಹಿಂದಿನ ಸಂಜೆಯೇ ಚಮೋಲಿ ಜಿಲ್ಲೆಗೆ ಹಿಮಕುಸಿತದ ಎಚ್ಚರಿಕೆ ಹೊರಟಿತ್ತು. ವಿಜ್ಞಾನ ತನ್ನ ಪಾಲಿನ ಕೆಲಸ ಮಾಡಿತ್ತು. ಎಚ್ಚರಿಕೆಗೂ ಜನರನ್ನು ಜಾಗ ಬಿಡಿಸುವುದಕ್ಕೂ ನಡುವೆ ಇರುವ ದಾರಿ ಮಾತ್ರ ದೂರವಾಗಿತ್ತು.

ಈಗ ನಮ್ಮ ಧರೆಗೆ ಬರೋಣ. ಮಲೆನಾಡಿನ ಗುಡ್ಡಗಳಲ್ಲಿ ಕೆಳಗೆ ಬಂಡೆ, ಅದರ ಮೇಲೆ ಕಾಲಾಂತರದಲ್ಲಿ ಬಂಡೆಯೇ ಶಿಥಿಲವಾಗಿ ಆದ ಜೇಡಿ ಬೆರೆತ ಮಣ್ಣು, ಅದರ ಮೇಲೆ ಕಾಡು ಅಥವಾ ತೋಟ. ಮೃಗಶಿರ, ಆರಿದ್ರಾ ಮಳೆಗಳಲ್ಲಿ ಒಣಗಿದ್ದ ಮಣ್ಣು ನೀರು ಕುಡಿಯುತ್ತದೆ. ಎಷ್ಟು ಜೋರಾಗಿ ಸುರಿದರೂ ಆಗ ಗುಡ್ಡ ಸಾಮಾನ್ಯವಾಗಿ ತಡೆದುಕೊಳ್ಳುತ್ತದೆ, ಏಕೆಂದರೆ ಒಳಗಿನ್ನೂ ಜಾಗವಿದೆ. ಪುನರ್ವಸು, ಪುಷ್ಯ ಮುಗಿಯುವ ಹೊತ್ತಿಗೆ ಮಣ್ಣಿನ ಸಂದುಗಳು ತುಂಬಿರುತ್ತವೆ. ಇನ್ನು ಬೀಳುವ ನೀರು ಮಣ್ಣಿಗೂ ಬಂಡೆಗೂ ನಡುವೆ ಸೇರಿ ಒಳಗಿನಿಂದ ಒತ್ತತೊಡಗುತ್ತದೆ. ಕಣಕ್ಕೆ ಕಣ ಕಚ್ಚಿಕೊಂಡಿರುವ ಹಿಡಿತವನ್ನು ಈ ಒತ್ತಡ ಸಡಿಲಿಸುತ್ತದೆ. ಆಮೇಲೆ ದಿನವೆರಡು ದಿನದ ಜಡಿಮಳೆ ಸಾಕು.

ದೊಡ್ಡ ಕುಸಿತಗಳ ದಿನಾಂಕಗಳನ್ನು ಮಳೆ ನಕ್ಷತ್ರಗಳ ಪಕ್ಕದಲ್ಲಿಟ್ಟು ನೋಡಿದರೆ ಇದು ಎದ್ದು ಕಾಣುತ್ತದೆ. ಕೊಡಗಿನಲ್ಲಿ ಗುಡ್ಡಗಳು ಸಾಲಾಗಿ ಕುಸಿದದ್ದು 2018ರ ಆಗಸ್ಟ್ ಮಧ್ಯದಲ್ಲಿ. ನಮ್ಮದೇ ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿ ಊರುಗಳು ನೆಲಸಮವಾದದ್ದು 2019ರ ಆಗಸ್ಟ್ ಎರಡನೆಯ ವಾರ. ತಲಕಾವೇರಿಯ ಬ್ರಹ್ಮಗಿರಿ ಜಾರಿದ್ದು 2020ರ ಆಗಸ್ಟ್ 6ಕ್ಕೆ. ಎಲ್ಲವೂ ಆಶ್ಲೇಷಾ ಮಳೆಯಲ್ಲಿ, ಇಲ್ಲವೇ ಅದರ ಅಂಚಿನಲ್ಲಿ. 2024ರ ವಯನಾಡು ದುರಂತ ಜುಲೈ 30ರಂದು, ಪುಷ್ಯ ಮಳೆಯಲ್ಲಿ. ಅದೇ ವರ್ಷ ಜುಲೈ 16ರ ಅಂಕೋಲಾ ತಾಲ್ಲೂಕಿನ ಶಿರೂರು ಕುಸಿತ ಇನ್ನೂ ಮುಂಚೆ, ಪುನರ್ವಸುವಿನಲ್ಲೇ ಬಂತು. ಅಲ್ಲಿ ಹೆದ್ದಾರಿಗಾಗಿ ಗುಡ್ಡದ ಬುಡ ಕಡಿದಿದ್ದರು. ಬುಡ ಕಡಿದ ಗುಡ್ಡಕ್ಕೆ ಆಶ್ಲೇಷಾ ಬರುವ ತನಕ ಕಾಯಬೇಕಾಗಿಲ್ಲ. ಹಿಮದ ಇಳಿಜಾರಿಗೆ ಚಾರಣಿಗನ ಹೆಜ್ಜೆ ಏನು ಮಾಡುತ್ತದೋ, ಇಲ್ಲಿ ಜೆಸಿಬಿ ಅದನ್ನು ಮಾಡುತ್ತದೆ. ಮನೆ ಕಟ್ಟಲು, ರಸ್ತೆ ಅಗಲಿಸಲು ನೇರವಾಗಿ ಕಡಿದು ನಿಲ್ಲಿಸಿದ ಧರೆ ಒಣ ತಿಂಗಳುಗಳಲ್ಲಿ ಗೋಡೆಯಂತೆ ನಿಲ್ಲುತ್ತದೆ, ಅದನ್ನು ನೋಡಿ ನಾವು ಧೈರ್ಯ ತಂದುಕೊಳ್ಳುತ್ತೇವೆ.

ನಮ್ಮ ಎಚ್ಚರಿಕೆಯ ಪದ್ಧತಿ ಇದಕ್ಕೆ ತಕ್ಕಂತಿದೆಯೇ ಎಂಬುದು ಕೇಳಬೇಕಾದ ಪ್ರಶ್ನೆ. ಹವಾಮಾನ ಇಲಾಖೆಯ ಹಳದಿ, ಕಿತ್ತಳೆ, ಕೆಂಪು ಬಣ್ಣಗಳು ಮುಖ್ಯವಾಗಿ 24 ಗಂಟೆಗಳಲ್ಲಿ ಬೀಳುವ ಮಳೆಯನ್ನು ಹೇಳುತ್ತವೆ. 64.5 ಮಿಲಿಮೀಟರ್ ದಾಟಿದರೆ ಭಾರಿ ಮಳೆ, 115.6 ದಾಟಿದರೆ ಅತಿ ಭಾರಿ, 204.5 ದಾಟಿದರೆ ಅತ್ಯಂತ ಭಾರಿ. ಶಾಲೆಗೆ ರಜೆ ಕೊಡುವುದಕ್ಕೆ, ಹೊಳೆಯ ಬದಿಯವರನ್ನು ಎಚ್ಚರಿಸುವುದಕ್ಕೆ ಇದು ಸರಿಯಾದ ಅಳತೆ. ಗುಡ್ಡಕ್ಕೆ ಮಾತ್ರ ಇದು ಅರ್ಧ ಅಳತೆ. ಜೂನ್ 10ರ 120 ಮಿಲಿಮೀಟರಿಗೂ ಆಗಸ್ಟ್ 8ರ 120 ಮಿಲಿಮೀಟರಿಗೂ ಬಣ್ಣ ಒಂದೇ ಆಗಿರುತ್ತದೆ, ಧರೆಯ ಕೆಳಗೆ ಮಲಗುವವರಿಗೆ ಅವೆರಡೂ ಬೇರೆ ಬೇರೆ. ಹಿಮಕುಸಿತದ ಎಚ್ಚರಿಕೆ ಕೊಡುವವರು ನಾಳಿನ ಹಿಮದ ಜೊತೆಗೆ ಡಿಸೆಂಬರ್‌ನಿಂದ ಒಳಗೆ ಕೂತ ಪದರಗಳನ್ನೂ ಎಣಿಸುತ್ತಾರೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ 2024ರಲ್ಲಿ ಕೋಲ್ಕತ್ತದಲ್ಲಿ ಭೂಕುಸಿತ ಮುನ್ಸೂಚನಾ ಕೇಂದ್ರ ತೆರೆದು ಡಾರ್ಜಿಲಿಂಗ್, ಕಾಲಿಂಪಾಂಗ್, ನೀಲಗಿರಿ ಜಿಲ್ಲೆಗಳಿಂದ ಕೆಲಸ ಶುರು ಮಾಡಿದೆ. ಆ ದಾರಿ ಸರಿಯಾದದ್ದು, ನಮ್ಮ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳಿಗೂ ಅದು ಬೇಕು.

ಅದು ಬರುವ ತನಕ ಕೈಕಟ್ಟಿ ಕೂರಬೇಕಾಗಿಲ್ಲ ಎಂಬುದು ನನ್ನ ಅಭಿಪ್ರಾಯ. ಬೇಕಾದ ಅಂಕಿಗಳು ಇಲ್ಲಿಯೇ ಇವೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಮಳೆಮಾಪಕಗಳನ್ನು ಇಟ್ಟಿದೆ. ಅದಕ್ಕೂ ಮೊದಲಿನಿಂದ ಕಾಫಿ ತೋಟಗಳಲ್ಲಿ ಇಂಚು, ಸೆಂಟ್ ಲೆಕ್ಕದಲ್ಲಿ ದಿನದ ಮಳೆ ಬರೆದಿಟ್ಟ ಪುಸ್ತಕಗಳಿವೆ. ತಾತನ ಕೈಬರಹದಿಂದ ಮೊಮ್ಮಗನ ಕೈಬರಹದವರೆಗೆ ಬಿಡದೆ ಬಂದವೂ ಇವೆ. ಯಾವ ಧರೆ ಯಾವ ವರ್ಷ, ಯಾವ ದಿನ ಜರಿಯಿತು ಎಂಬುದು ಊರಿನವರಿಗೆ ನೆನಪಿದೆ, ಕಂದಾಯ ಇಲಾಖೆಯ ಪರಿಹಾರದ ಕಡತಗಳಲ್ಲೂ ಇದೆ. ಆ ದಿನಗಳ ಹಿಂದಿನ ಹದಿನೈದು ದಿನ, ಮೂವತ್ತು ದಿನ ಎಷ್ಟು ಮಳೆ ಬಂದಿತ್ತು ಎಂದು ಕೂಡಿಸಿ ನೋಡುವುದು ಪ್ರೌಢಶಾಲೆಯ ಮಕ್ಕಳೂ ಮಾಡಬಹುದಾದ ಲೆಕ್ಕ. ಶೃಂಗೇರಿಯ ಕಡೆಗೆ ಹೋದಂತೆ ಮಳೆ ಹೆಚ್ಚು, ನರಸಿಂಹರಾಜಪುರದ ಕಡೆಗೆ ಬಂದಂತೆ ಕಡಿಮೆ. ಹಾಗಾಗಿ ಅಪಾಯದ ಗೆರೆ ಎಲ್ಲಿ ಎಂಬುದೂ ಊರಿಂದೂರಿಗೆ ಬೇರೆಯಾಗುತ್ತದೆ, ಅದನ್ನು ಬೆಂಗಳೂರಿನಲ್ಲಿ ಕೂತು ಎಳೆಯಲು ಬರುವುದಿಲ್ಲ.

ಅಂಥ ಗೆರೆಯೊಂದು ಸಿಕ್ಕರೆ ಪಂಚಾಯಿತಿ ಕಚೇರಿಯ ಮುಂದಿನ ಫಲಕದಲ್ಲಿ ನಿನ್ನೆಯ ಮಳೆಯ ಜೊತೆಗೆ ಹದಿನೈದು ದಿನದ ಮೊತ್ತವನ್ನೂ ಬರೆಯಬೇಕು. ಮೊತ್ತ ಗೆರೆಯ ಹತ್ತಿರ ಬಂದಾಗ, ಬಣ್ಣದ ಎಚ್ಚರಿಕೆ ಇರಲಿ ಬಿಡಲಿ, ಕಡಿದ ಧರೆಯ ಕೆಳಗಿನ ಮನೆಯವರು ರಾತ್ರಿಯ ಮಟ್ಟಿಗೆ ನೆಂಟರಲ್ಲಿಗೋ ಶಾಲೆಯ ಕಟ್ಟಡಕ್ಕೋ ಹೋಗಲು ಪಂಚಾಯಿತಿ ವ್ಯವಸ್ಥೆ ಮಾಡಬೇಕು. ಧರೆಯ ತಲೆಯ ಮೇಲೆ ಉದ್ದಕ್ಕೆ ಬಿರುಕು ಬಿಟ್ಟಿದ್ದರೆ, ತಿಳಿಯಾಗಿ ಬರುತ್ತಿದ್ದ ಒಸರು ನೀರು ಒಮ್ಮೆಲೇ ಕೆಂಪಗಾದರೆ, ನೆಟ್ಟಗಿದ್ದ ಮರ ವಾಲತೊಡಗಿದರೆ ಮೊತ್ತಕ್ಕೂ ಕಾಯಬಾರದು. ಒಂದು ಫಲಕ, ಒಂದು ಮಳೆಮಾಪಕ, ದಿನಕ್ಕೆ ಐದು ನಿಮಿಷದ ಕೂಡಿಸುವ ಕೆಲಸ. ಮುಂದಿನ ಪುನರ್ವಸು ಹಿಡಿಯುವುದರೊಳಗೆ ಇಷ್ಟನ್ನು ಶೆಟ್ಟಿಕೊಪ್ಪದ ಆಸುಪಾಸಿನ ಪಂಚಾಯಿತಿಗಳು ಶುರು ಮಾಡಲು ಯಾರ ಅಪ್ಪಣೆಯೂ ಬೇಕಾಗಿಲ್ಲ.